ಕೌಂಟರಿನಾಚೆಗೆ ಐರಿಷ್: ಐರ್ಲೆಂಡಿನ ಸಾರ್ವಜನಿಕ ಸೇವೆಗಳಲ್ಲಿ ಜನಭಾಷೆಯ ಹಕ್ಕು

ಮಾನ್ಯ ಸಭಿಕರೇ,

ಐರ್ಲೆಂಡಿನ 1937ರ ಸಂವಿಧಾನದ 8ನೆಯ ವಿಧಿಯು ಐರಿಷನ್ನು ರಾಷ್ಟ್ರಭಾಷೆಯೆಂದೂ ಮೊದಲ ಅಧಿಕೃತ ಭಾಷೆಯೆಂದೂ ಸಾರುತ್ತದೆ. ಇಂಗ್ಲಿಷಿಗೆ ಅಲ್ಲಿ ಎರಡನೆಯ ಸ್ಥಾನ. ಅಂಚೆ ಸಂಸ್ಥೆಯನ್ನು ‘ಆನ್ ಪೋಸ್ಟ್’ ಎಂದೂ, ಪೊಲೀಸರನ್ನು ‘ಗಾರ್ಡ’ ಎಂದೂ, ಬಸ್ ಸಂಸ್ಥೆಯನ್ನು ‘ಬಸ್ ಏರನ್’ ಎಂದೂ ಇಂಗ್ಲಿಷ್ ಆಡುವವರೂ ಕರೆಯುತ್ತಾರೆ. ಆದರೆ ಅದೇ ಸಂಸ್ಥೆಯ ಕೌಂಟರಿಗೆ ಹೋಗಿ ಐರಿಷಿನಲ್ಲಿ ಕೇಳಿದವರಿಗೆ ಐರಿಷಿನಲ್ಲೇ ಉತ್ತರ ಸಿಕ್ಕೀತೆಂಬ ಭರವಸೆಯಿಲ್ಲ. ಈ ಅಂತರವನ್ನು ಕಾನೂನು ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದನ್ನು ಇಂದು ನೋಡೋಣ.

ಬ್ರಿಟಿಷರ ಕಾಲದ ಒಂದು ಮೊಕದ್ದಮೆಯನ್ನು ಮೊದಲು ನೆನೆಯಬೇಕು. ಗಾಡಿಯ ಮೇಲೆ ಮಾಲೀಕನ ಹೆಸರು ಓದುವಂತೆ ಬರೆದಿರಬೇಕೆಂಬ ನಿಯಮ ಆಗಿತ್ತು. ಡೊನೆಗಾಲ್ ಪ್ರಾಂತದ ನಿಯಾಲ್ ಮ್ಯಾಕ್ ಗಿಲ್ಲ ವ್ರೀಡ ತನ್ನ ಗಾಡಿಯ ಮೇಲೆ ಹೆಸರನ್ನು ಐರಿಷಿನಲ್ಲಿ ಬರೆಸಿದ್ದಕ್ಕೆ ದಂಡ ಬಿತ್ತು. 1905ರಲ್ಲಿ ಡಬ್ಲಿನ್ನಿನ ಮೇಲಿನ ನ್ಯಾಯಾಲಯದಲ್ಲಿ ಅವನ ಪರವಾಗಿ ವಾದಿಸಿದವರಲ್ಲಿ, ಮುಂದೆ 1916ರ ಬಂಡಾಯದ ನಾಯಕನಾದ ಪ್ಯಾಟ್ರಿಕ್ ಪಿಯರ್ಸ್ ಒಬ್ಬ. ವಾದ ಸೋತಿತು. ತನ್ನ ನೆಲದಲ್ಲಿ, ತನ್ನ ಗಾಡಿಯ ಮೇಲೆ, ತನ್ನ ಹೆಸರನ್ನು ತನ್ನ ನುಡಿಯಲ್ಲಿ ಬರೆದುಕೊಂಡದ್ದು ಅಪರಾಧವೇ ಆಗಿ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಿ ನೌಕರಿಗೆ ಐರಿಷ್ ಜ್ಞಾನ ಕಡ್ಡಾಯವಾಯಿತು. 1974ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಲಾಯಿತು. ನಾಗರಿಕನಿಗೆ ಸ್ಪಷ್ಟವಾದ ಶಾಸನಬದ್ಧ ಹಕ್ಕುಗಳು ದೊರೆತದ್ದು 2003ರ ಅಧಿಕೃತ ಭಾಷೆಗಳ ಕಾಯ್ದೆಯಿಂದ. ಐರಿಷಿನಲ್ಲಿ ಬರೆದ ಪತ್ರಕ್ಕೆ ಸಾರ್ವಜನಿಕ ಸಂಸ್ಥೆ ಐರಿಷಿನಲ್ಲೇ ಉತ್ತರಿಸಬೇಕೆಂದು ಅದು ವಿಧಿಸಿತು. ದೂರುಗಳ ತನಿಖೆಗೆ ಭಾಷಾ ಆಯುಕ್ತರ ಹುದ್ದೆಯನ್ನೂ ನಿರ್ಮಿಸಿತು. ಉಳಿದ ಸೇವೆಗಳ ವಿಷಯದಲ್ಲಿ ಮಾತ್ರ ಪ್ರತಿಯೊಂದು ಸಂಸ್ಥೆಯೂ ತಾನು ಏನೇನು ಮಾಡುವೆನೆಂದು ತಾನೇ ಯೋಜನೆ ಬರೆದು ಸಚಿವರ ಒಪ್ಪಿಗೆ ಪಡೆಯುವ ಪದ್ಧತಿಯಿತ್ತು. ನನ್ನ ದೃಷ್ಟಿಯಲ್ಲಿ ಕಾಯ್ದೆಯ ದೊಡ್ಡ ದೌರ್ಬಲ್ಯ ಇದೇ. ಎಷ್ಟು ಭರವಸೆ ಕೊಡಬೇಕೆಂಬುದನ್ನು ಭರವಸೆ ಕೊಡುವವರಿಗೇ ಬಿಟ್ಟರೆ, ಸುಲಭವಾದದ್ದನ್ನು ಒಪ್ಪಿಕೊಂಡು ಕಷ್ಟವಾದದ್ದನ್ನು ಮುಂದೂಡುವುದು ಆಡಳಿತದ ಸಹಜ ಸ್ವಭಾವ.

ಮೊದಲ ಆಯುಕ್ತರಾಗಿದ್ದ ಶಾನ್ ಓ ಕುರ್ರಾನ್ 2013ರ ಡಿಸೆಂಬರಿನಲ್ಲಿ ಸಂಸದೀಯ ಸಮಿತಿಯ ಮುಂದೆಯೇ ರಾಜೀನಾಮೆ ಪ್ರಕಟಿಸಿದರು. ಶಿಕ್ಷಣ ಇಲಾಖೆಯ ಆಡಳಿತ ಸಿಬ್ಬಂದಿಯಲ್ಲಿ ಐರಿಷ್ ಬಲ್ಲವರ ಪ್ರಮಾಣ ಶೇ. 1.5ರಿಂದ ಶೇ. 3ಕ್ಕೆ ಏರಲು ಆಗಿನ ವೇಗದಲ್ಲಿ 28 ವರ್ಷ ಬೇಕೆಂದು ಅವರು ಲೆಕ್ಕ ಕೊಟ್ಟಿದ್ದರು. ಶಾಲಾ ಮಕ್ಕಳೆಲ್ಲರಿಗೂ ಐರಿಷ್ ಕಲಿಸುವ ಇಲಾಖೆಯ ಸ್ಥಿತಿ ಇದು! 2014ರ ಫೆಬ್ರವರಿಯಲ್ಲಿ ಸಾವಿರಾರು ಜನ ಕೆಂಪು ಬಟ್ಟೆ ತೊಟ್ಟು ಡಬ್ಲಿನ್ನಿನ ಬೀದಿಗಳಲ್ಲಿ ಮೆರವಣಿಗೆ ಹೊರಟದ್ದು ಈ ನೋವಿನಿಂದಲೇ.

2021ರ ತಿದ್ದುಪಡಿ ಈ ಬೇರಿಗೇ ಕೈಹಾಕಿತು. 2030ರ ಕೊನೆಯ ಹೊತ್ತಿಗೆ ಸಾರ್ವಜನಿಕ ಸಂಸ್ಥೆಗಳಿಗೆ ಹೊಸದಾಗಿ ಸೇರುವವರಲ್ಲಿ ಕನಿಷ್ಠ ಶೇ. 20ರಷ್ಟು ಮಂದಿ ಐರಿಷ್ ಬಲ್ಲವರಾಗಿರಬೇಕೆಂಬ ಗುರಿಯನ್ನಿಟ್ಟು, ಸಂಸ್ಥೆಗಳ ಜಾಹೀರಾತುಗಳಲ್ಲಿಯೂ ಶೇ. 20ರಷ್ಟನ್ನು ಐರಿಷಿಗೆ ಮೀಸಲಿಟ್ಟಿತು. ಸಂಸ್ಥೆಗಳು ತಾವೇ ಬರೆದುಕೊಳ್ಳುತ್ತಿದ್ದ ಯೋಜನೆಗಳ ಬದಲಿಗೆ ಸರ್ಕಾರ ನಿಗದಿಪಡಿಸುವ ಭಾಷಾ ಮಾನದಂಡಗಳು ಬರಬೇಕೆಂದಿತು. ಹೆಸರಿನ ಪ್ರಶ್ನೆಯನ್ನೂ ಅದು ಬಿಡಲಿಲ್ಲ. ನಮ್ಮ ದೀರ್ಘದಂತೆ ಐರಿಷಿನಲ್ಲಿ ಸ್ವರದ ಮೇಲೆ ‘ಫಾದ’ ಎಂಬ ಗೆರೆಯೊಂದು ಬರುತ್ತದೆ. ಅದನ್ನು ಒಪ್ಪದ ಕಂಪ್ಯೂಟರುಗಳು ಆಸ್ಪತ್ರೆಯ ಕಡತದಲ್ಲಿ, ಪ್ರಯಾಣದ ಕಾರ್ಡಿನಲ್ಲಿ ಜನರ ಹೆಸರನ್ನು ತಪ್ಪಾಗಿಯೇ ಮುದ್ರಿಸುತ್ತಿದ್ದವು. ಈಗ ಹೆಸರನ್ನು ಫಾದ ಸಹಿತ ದಾಖಲಿಸುವುದು ಸಾರ್ವಜನಿಕ ಸಂಸ್ಥೆಗಳ ಕರ್ತವ್ಯವೆಂದು ಕಾನೂನು ಹೇಳುತ್ತದೆ. ಗಾಡಿಯ ಮೊಕದ್ದಮೆಯಿಂದ ಇಲ್ಲಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಖಾಸಗಿ ಕಂಪನಿಗಳ ಮೇಲೆ ಈ ಕಾಯ್ದೆಯ ಹೊಣೆ ಬೀಳುವುದಿಲ್ಲ. ಅಲ್ಲಿ ನಡೆಯುವುದೆಲ್ಲ ಒಲುಮೆಯಿಂದ. ಗಾಲ್ವೇ ನಗರದಲ್ಲಿ ‘ಗಾಲಿವ್ ಲೆ ಗೇಲ್ಗ’ ಎಂಬ ಸಂಸ್ಥೆ ಅಂಗಡಿ, ಹೋಟೆಲುಗಳಿಗೆ ದ್ವಿಭಾಷಾ ಫಲಕ, ಮೆನುಗಳಲ್ಲಿ ನೆರವಾಗುತ್ತಿದೆ. ದೊಡ್ಡ ಸೂಪರ್‌ಮಾರ್ಕೆಟ್ಟುಗಳಲ್ಲಿ ಹಾಲು, ಬ್ರೆಡ್ಡುಗಳ ಸಾಲಿನ ಮೇಲೆ ಎರಡೂ ಭಾಷೆಗಳ ಫಲಕ ಕಾಣುತ್ತದೆ. ಫಲಕಕ್ಕಿಂತಲೂ ನಾನು ಹೆಚ್ಚು ಬೆಲೆ ಕೊಡುವುದು ‘ಫಾನ್ಯೆ’ ಎಂಬ ಪುಟ್ಟ ಉಂಗುರಾಕಾರದ ಪಿನ್ನಿಗೆ. ಅದನ್ನು ಧರಿಸಿದ ಸಿಬ್ಬಂದಿಯೊಡನೆ ಅಳುಕಿಲ್ಲದೆ ಐರಿಷಿನಲ್ಲಿ ಮಾತು ತೆಗೆಯಬಹುದು. ಎಲ್ಲರಿಗೂ ಇಂಗ್ಲಿಷ್ ಬರುವ ದೇಶದಲ್ಲಿ ‘ಐರಿಷಿನಲ್ಲೇ ಬೇಕು’ ಎಂದು ಕೇಳುವವನು ತಗಾದೆಗಾರನಂತೆ ಕಾಣುವುದರಿಂದ, ಹೆಚ್ಚಿನವರು ಕೇಳುವುದೇ ಇಲ್ಲ. ಕೇಳದಿರುವುದನ್ನೇ ಬೇಡಿಕೆಯಿಲ್ಲವೆಂದು ಕಚೇರಿ ಬರೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಮಾತು ಕೌಂಟರಿನ ಒಳಗಿನಿಂದಲೇ ಬರಬೇಕು.

2022ರ ಜನಗಣತಿಯಲ್ಲಿ 18,73,997 ಮಂದಿ ಐರಿಷ್ ಬರುತ್ತದೆ ಎಂದರು. ಶಿಕ್ಷಣದ ಹೊರಗೆ ದಿನನಿತ್ಯ ಆಡುವವರು 71,968 ಮಾತ್ರ, ಅವರಲ್ಲಿ 20,261 ಮಂದಿ ಗೇಲ್ಟಾಖ್ಟ್ ಎಂಬ ಐರಿಷ್ ಸೀಮೆಯವರು. ಶಾಲೆಯಲ್ಲಿ ಕಲಿತ ಲಕ್ಷಾಂತರ ಜನರಿಗೆ ಆ ನುಡಿಯನ್ನು ದುಡಿಮೆಯಲ್ಲಿ ಬಳಸುವ ಜಾಗ ಬೇಕು; ಶೇ. 20ರ ನೇಮಕಾತಿ ಆ ಜಾಗವನ್ನು ಕೊಡಬಲ್ಲದು. ಆದರೆ ಹೊಸಬರನ್ನು ರಾಜಧಾನಿಯ ಅನುವಾದ ವಿಭಾಗಗಳಲ್ಲಿ ಕೂರಿಸದೆ, ಮೊದಲು ಗೇಲ್ಟಾಖ್ಟಿನ ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ, ಸ್ಥಳೀಯ ಆಡಳಿತದ ಕಚೇರಿಗಳಿಗೆ ಕಳಿಸಬೇಕು.