ಹಿಟ್ಟು ನೈಸ್ ಆಯ್ತಾ?

ಹಿಂದೆ ಗ್ರೈಂಡರ್ ಸದ್ದು ಕೇಳುತ್ತಿದೆ ಅಲ್ವಾ? ಇವತ್ತು ಅಡುಗೆಮನೆಯಲ್ಲೇ ಕ್ಯಾಮೆರಾ ಇಟ್ಟಿದ್ದೇನೆ. ನೋಡಿ, ಅಮ್ಮ ಉದ್ದಿನ ಹಿಟ್ಟನ್ನು ಬೆರಳ ತುದಿಗೆ ತೆಗೆದುಕೊಂಡು ಹೆಬ್ಬೆರಳಿಂದ ಉಜ್ಜುತ್ತಿದ್ದಾರೆ. ಸ್ವಲ್ಪ ತರಿ ಸಿಕ್ಕಿತು. "ಇನ್ನೂ ನೈಸ್ ಆಗಬೇಕು" ಅಂದರು. ಒಂದಿಷ್ಟು ನೀರು ಚಿಮುಕಿಸಿ ಮತ್ತೆ ಬಿಟ್ಟರು.

ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ನೈಸ್ ಅನ್ನೋ ಪದ ಎಲ್ಲಿಂದ ಬಂತು ಅಂತ ಹುಡುಕಿದ್ದು ಮೊನ್ನೆ ಮೊನ್ನೆ.

ಅದರ ಬೇರು ಲ್ಯಾಟಿನ್‌ನಲ್ಲಿದೆ. 'ನೆಸ್ಕಿಯುಸ್' ಅಂದರೆ ಏನೂ ಗೊತ್ತಿಲ್ಲದವನು. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿಯುವುದು. ಶಾಲೆಯಲ್ಲಿ ಓದಿದ ಸೈನ್ಸ್ ಕೂಡ ಇದೇ ಸ್ಕೀರೆಯಿಂದ ಹುಟ್ಟಿದ್ದು! ಇದನ್ನು ಓದಿದಾಗ ಎದ್ದು ಹೋಗಿ ಅಮ್ಮನಿಗೆ ಹೇಳಿದ್ದೆ.

ಹಳೆಯ ಫ್ರೆಂಚ್ ದಾಟಿ, 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ಪೆದ್ದ. ಕವಿ ಚಾಸರ್ ಬಳಸಿದ್ದೂ ಈ ಅರ್ಥದಲ್ಲಿ. ಆಮೇಲೆ ನಾಚಿಕೆಯವರು ನೈಸ್ ಆದರು. ಊಟ, ಬಟ್ಟೆ ಅಂತ ಎಲ್ಲದಕ್ಕೂ ಕೊಂಕು ತೆಗೆಯುವವರೂ ನೈಸ್. ಅಷ್ಟು ಸಣ್ಣದನ್ನೂ ಗಮನಿಸುತ್ತಾರಲ್ಲ, ಅಲ್ಲಿಂದ ಸೂಕ್ಷ್ಮ, ಕರಾರುವಾಕ್ಕು ಅನ್ನುವ ಅರ್ಥ ಬಂತು. 'ಚೆನ್ನಾಗಿದೆ' ಅನ್ನುವ ಇವತ್ತಿನ ಅರ್ಥ ನೆಲೆಯೂರಿದ್ದು 18ನೇ ಶತಮಾನದಲ್ಲಿ. ಜೇನ್ ಆಸ್ಟಿನ್ ಕಾಲಕ್ಕೆ ಜನ ಎಲ್ಲದಕ್ಕೂ ನೈಸ್ ಅನ್ನುತ್ತಿದ್ದರು. ಅವರ 'ನಾರ್ಥ್ಯಾಂಗರ್ ಅಬ್ಬೆ' ಕಾದಂಬರಿಯಲ್ಲಿ ನಾಯಕ ಇದೇ ವಿಷಯಕ್ಕೆ ನಾಯಕಿಯನ್ನು ಕೆಣಕುತ್ತಾನೆ.

ನಮ್ಮಲ್ಲಿ ಮಾತ್ರ ಇದು ಬೇರೆ ದಾರಿ ಹಿಡಿಯಿತು. ಹಿಟ್ಟು ನೈಸ್, ಗೋಡೆಯ ಗಾರೆ ನೈಸ್. ಕೆಲಸ ಆಗಬೇಕಾದರೆ ಯಾರನ್ನೋ ನೈಸ್ ಮಾಡುತ್ತೇವೆ. ಬೇಡದ ಜಾಗದಿಂದ ನೈಸಾಗಿ ಜಾರಿಕೊಳ್ಳುತ್ತೇವೆ. ನನಗನ್ನಿಸುವುದು, 'ನಯ' ನಮ್ಮಲ್ಲಿ ಮೊದಲೇ ಇತ್ತಲ್ಲ, ಅದಕ್ಕೇ ಇದು ಅಷ್ಟು ಸಲೀಸಾಗಿ ಕೂತಿತು. ಎರಡೂ ಪದಗಳು ನೆಂಟರಲ್ಲ. ಆದರೆ ನಯವಾದ ಹಿಟ್ಟು, ನಯವಾದ ಮಾತು ಅನ್ನುತ್ತಿದ್ದ ಬಾಯಿಗೆ ನೈಸ್ ಹೊಸದು ಅನ್ನಿಸಿರಲಿಕ್ಕಿಲ್ಲ. ಇದನ್ನು ತಪ್ಪು ಇಂಗ್ಲಿಷ್ ಅಂತ ತಿದ್ದುವವರನ್ನು ಕಂಡರೆ ನನಗೆ ಬೇಜಾರು. ಅಮ್ಮ ಆಡುತ್ತಿರುವುದು ಕನ್ನಡ.

ಗ್ರೈಂಡರ್ ನಿಂತಿತು. ಅಮ್ಮ ನನ್ನ ಬೆರಳಿಗೂ ಚೂರು ಹಿಟ್ಟು ಹಚ್ಚಿದರು. ಉಜ್ಜಿ ನೋಡಿದೆ. ತರಿ ಇಲ್ಲ.