ಪಾರ್ಸಲ್ ಬಂದ್ರೆ ಒಲೆ ಆರುತ್ತೆ

ನಮಸ್ಕಾರ. ಇವತ್ತಿಗೆ ಬೇರೆ ವಿಷಯ ರೆಡಿ ಇತ್ತು. ಬೆಳಿಗ್ಗೆ ಒಂದು ಕಾಮೆಂಟ್ ಓದಿ ತಲೆ ಕೆಟ್ಟೋಯ್ತು. "ಗುರು, ಆರು ತಿಂಗಳಿಂದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋತಿದ್ದೀನಿ. ಬರೋ ವರ್ಷ ಮದುವೆ. ಫ್ಯಾಕ್ಟರಿ ಫುಲ್ ಸ್ಪೀಡು!" ಯಾವ ಫ್ಯಾಕ್ಟರಿ ಮಾರಾಯ? ಬೀಗ ಹಾಕಿದೆ ಅದಕ್ಕೆ.

ವೃಷಣ ತನ್ನಿಷ್ಟಕ್ಕೆ ದುಡಿಯಲ್ಲ. ಮೆದುಳಿನ ಬುಡದ ಪಿಟ್ಯುಟರಿಯಿಂದ ಎಲ್‌ಎಚ್ ಅನ್ನೋ ಹಾರ್ಮೋನ್ ಬಂದು, ವೃಷಣದಲ್ಲಿ ಟೆಸ್ಟೋಸ್ಟೆರಾನ್ ತಯಾರಿಸೋ ಲೇಡಿಗ್ ಕೋಶದ ಕದ ತಟ್ಟಬೇಕು. ತಟ್ಟಿದ್ರೆ ಸ್ಟಾರ್ ಅನ್ನೋ ಪ್ರೋಟೀನು (ನಟ ಅಲ್ಲ, ಹಮಾಲಿ) ಕೊಲೆಸ್ಟರಾಲನ್ನ ಮೈಟೊಕಾಂಡ್ರಿಯದ ಒಳಪೊರೆಗೆ ಸಾಗಿಸುತ್ತೆ. ಅಲ್ಲಿ ಮೊದಲ ಕಿಣ್ವ ಅದರ ಬಾಲ ಕತ್ತರಿಸುತ್ತೆ. ಆಮೇಲೆ ಕಿಣ್ವದಿಂದ ಕಿಣ್ವಕ್ಕೆ ಕೈ ಬದಲಾಗಿ ಟೆಸ್ಟೋಸ್ಟೆರಾನ್. ಎಲ್‌ಎಚ್ ನಿಲ್ತು ಅಂದ್ರೆ ಹಮಾಲೀನೂ ಇಲ್ಲ, ಕಿಣ್ವಗಳೂ ಸೊರಗ್ತವೆ.

ಈಗ ನೀನು ಹೊರಗಿಂದ ಚುಚ್ಚಿಸ್ಕೊಂಡೆ. ಮೆದುಳು ರಕ್ತ ನೋಡಿ "ಬೇಕಾದಷ್ಟಿದೆ" ಅಂತ ಎಲ್‌ಎಚ್ ಬಂದ್ ಮಾಡುತ್ತೆ. ದಿನಾ ಹೋಟೆಲ್ ಪಾರ್ಸಲ್ ಬಂದ್ರೆ ಮನೇಲಿ ಒಲೆ ಯಾರು ಹಚ್ತಾರೆ? ರಕ್ತದಲ್ಲಿ ತುಂಬಿ ತುಳುಕ್ತಿದೆ, ವೃಷಣದೊಳಗೆ ಬರಗಾಲ. ವೀರ್ಯಾಣು ಬೆಳೆಯೋಕೆ ಬೇಕಿರೋದು ಆ ಒಳಗಿನ ದಾಸ್ತಾನು ಕಣಯ್ಯ!

"ನಮ್ಮ ಟ್ರೈನರ್ ಹಂಗೇನೂ ಆಗಲ್ಲ ಅಂದ್ರು." ಟ್ರೈನರ್ರು! 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಬಂತು. 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಇದೇ ಹಾರ್ಮೋನ್. 157 ಜನಕ್ಕೆ ವೀರ್ಯಾಣು ಸೊನ್ನೆ. ಯಾಕೆ ಕೊಟ್ಟಿದ್ದು ಗೊತ್ತಾ? ಗಂಡಸರಿಗೆ ಗರ್ಭನಿರೋಧಕ ಆಗುತ್ತಾ ಅಂತ ನೋಡೋಕೆ! ನೀನು ದುಡ್ಡು ಕೊಟ್ಟು ಹಾಕಿಸ್ಕೊಳ್ತಿರೋದು ಅದನ್ನೇ. ಲಗ್ನಪತ್ರಿಕೆ ಬೇರೆ ಪ್ರಿಂಟಿಗೆ ಕೊಟ್ಟಿದ್ದೀಯ.

"ನಮ್ಮ ಫ್ರೆಂಡಿಗೆ ಮಗು ಆಯ್ತಲ್ಲ?" ಆಗಲಿ, ತೊಟ್ಟಿಲು ಕಟ್ಲಿ. ಹೆಲ್ಮೆಟ್ ಇಲ್ದೆ ಬಿದ್ದೂ ಬದುಕಿದೋರು ಇದ್ದಾರೆ. "ನಿಜವಾಗಿ ಕೊರತೆ ಇರೋರು?" ಅವರು ಡಾಕ್ಟರ್ ಹತ್ರ ಹೋಗ್ತಾರೆ, ನನ್ನ ಕಾಮೆಂಟ್ ಬಾಕ್ಸಿಗೆ ಬರಲ್ಲ.

ಅಂದಹಾಗೆ ಸಬ್‌ಸ್ಕ್ರೈಬ್ ಒತ್ತಿಲ್ಲ ಅಂದ್ರೆ ಒತ್ತಿ. "ಒಲೆ ಆರುತ್ತೆ" ಅಂತ ಬರೆದಿರೋ ಟೀ ಶರ್ಟ್ ಮಾಡಿಸ್ತಿದ್ದೀನಿ, ಎಕ್ಸೆಲ್ ಸೈಜೂ ಇದೆ, ಬೈಸೆಪ್ಸ್ ಹಿಡಿಸುತ್ತೆ.

ಇನ್ನೊಂದ್ಸಲ ಹೇಳ್ತೀನಿ. ಆರ್ಡರ್ ಮೇಲಿಂದ ಬರ್ಬೇಕು! ಸೂಜಿಯಿಂದ ಅಲ್ಲ! ಮೇಲಿಂದ! ಅಯ್ಯೋ, ಪಕ್ಕದ ರೂಮಲ್ಲಿ ಅಮ್ಮ ಟಿವಿ ಮ್ಯೂಟ್ ಮಾಡಿದ್ರು.