ಒಂದೇ ಮೈದಾನ, ಎರಡು ತಂಡ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಕೂಟದ ಗೆಳೆಯರೊಬ್ಬರು ಕೇಳಿದರು: "ಮಗಳು ಚೆನ್ನಾಗಿ ಸಾಕರ್ ಆಡ್ತಾಳೆ. ಆದ್ರೆ ಆಟಕ್ಕೆ ಸ್ಕಾಲರ್‌ಶಿಪ್ಪೇ ಕೊಡದ ಸಣ್ಣ ಕಾಲೇಜಿಗೆ ಸೇರಿ ಆಡಿದ್ರೆ ಏನು ಬಂತು?" ಅವತ್ತು ಸರಿಯಾಗಿ ಉತ್ತರಿಸಲು ಆಗಲಿಲ್ಲ. ಇವತ್ತು ಹೇಳುತ್ತೇನೆ.

ಅಮೆರಿಕದ ಕಾಲೇಜು ಕ್ರೀಡೆಯನ್ನು 1973ರಲ್ಲಿ ಮೂರು ಡಿವಿಷನ್ ಮಾಡಿದರು. ಮೂರನೆಯದರಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಓದಿಗೆ, ಮನೆಯ ಕಷ್ಟಕ್ಕೆ ಅಲ್ಲಿ ನೆರವು ಸಿಗುತ್ತದೆ. ಗೋಲು ಹೊಡೆದಿದ್ದಕ್ಕೆ ಫೀಸಿನಲ್ಲಿ ಒಂದು ಡಾಲರೂ ಕಡಿಮೆ ಆಗುವುದಿಲ್ಲ. ಹಾಗಂತ ಅಲ್ಲಿನ ಆಟ ಸಪ್ಪೆ ಅಂದುಕೊಳ್ಳಬೇಡಿ.

ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಹತ್ತಿರ ಮೆಸಾಯಾ ಅಂತ ಒಂದು ಕಾಲೇಜಿದೆ. 1909ರಲ್ಲಿ ಒಂದು ಚಿಕ್ಕ ಚರ್ಚ್ ಪಂಗಡ ಕಟ್ಟಿದ್ದು, 2020ರಿಂದ ಯೂನಿವರ್ಸಿಟಿ. ಕ್ಯಾಂಪಸ್ಸಿನಲ್ಲಿ ಯೆಲ್ಲೋ ಬ್ರೀಚಸ್ ಅನ್ನುವ ಹೊಳೆ ಹರಿಯುತ್ತದೆ. ಇಲ್ಲಿನ ಹುಡುಗರು 2000ದಿಂದ 2013ರ ಒಳಗೆ, ಅಂದರೆ ಹದಿನಾಲ್ಕು ಸೀಸನ್‌ಗಳಲ್ಲಿ, ಹತ್ತು ಸಲ ಈ ಮೂರನೇ ಡಿವಿಷನ್‌ನ ಸಾಕರ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. 2017ರಲ್ಲಿ ಹನ್ನೊಂದನೆಯದು.

ಆದರೆ ನನ್ನ ಮನಸ್ಸು ಹಿಡಿದಿದ್ದು ಹುಡುಗಿಯರ ಲೆಕ್ಕ. ಅವರದು 2005, 2008, 2009, 2011, 2012, 2019: ಒಟ್ಟು ಆರು ಸಲ. ಇದರಲ್ಲಿ 2005, 2008, 2009, 2012ರಲ್ಲಿ ಹುಡುಗರೂ ಗೆದ್ದಿದ್ದಾರೆ. ಒಂದೇ ಕಾಲೇಜು, ಒಂದೇ ಋತು, ಎರಡು ಕಪ್. ಅದೂ ನಾಲ್ಕು ಸಲ! ಸುಮ್ನೆ ಅದೃಷ್ಟದಿಂದ ಆಗುವ ಕೆಲಸವೇ ಇದು?

ಇದರ ಹಿಂದೆ ಒಂದು ಕಾನೂನಿದೆ. ಸರ್ಕಾರದ ದುಡ್ಡು ಪಡೆಯುವ ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ 1972ರಲ್ಲಿ ಟೈಟಲ್ ನೈನ್ ಬಂತು. ಬಂದ ತಕ್ಷಣ ಎಲ್ಲ ಸರಿಹೋಗಲಿಲ್ಲ. ಮೂರನೇ ಡಿವಿಷನ್‌ನಲ್ಲಿ ಹುಡುಗರ ಸಾಕರ್ ಚಾಂಪಿಯನ್‌ಶಿಪ್ 1974ರಲ್ಲೇ ಶುರುವಾಯಿತು. ಹುಡುಗಿಯರು 1986ರವರೆಗೆ ಕಾದರು. ಹನ್ನೆರಡು ವರ್ಷ. ಎಷ್ಟು ಹುಡುಗಿಯರ ಆಟದ ವಯಸ್ಸು ಅಷ್ಟರಲ್ಲಿ ಕಳೆದುಹೋಯಿತೋ! ನನಗೆ ಇದು ಈಗಲೂ ಸಂಕಟ ಕೊಡುವ ವಿಷಯ.

ನನ್ನ ಮಗಳು ಆಡುವುದು ಇಂಥದ್ದೇ ಇನ್ನೊಂದು ಸಣ್ಣ ಕಾಲೇಜಿನಲ್ಲಿ. ಆಗಸ್ಟ್ ಕೊನೆಗೆ ಸೀಸನ್ ಶುರು. ಶನಿವಾರ ಮಧ್ಯಾಹ್ನ ಹುಡುಗಿಯರ ಪಂದ್ಯ, ಅದು ಮುಗಿದ ಮೇಲೆ ಅದೇ ಹುಲ್ಲಿನ ಮೇಲೆ ಹುಡುಗರದು. ದೊಡ್ಡ ಸ್ಟೇಡಿಯಂ ಇಲ್ಲ. ಅಲ್ಯೂಮಿನಿಯಂ ಬೆಂಚು, ಮನೆಯಿಂದ ತಂದ ಮಡಚುವ ಕುರ್ಚಿ, ಅಷ್ಟೇ. ಬೇಲಿ ಪಕ್ಕ ನಿಂತರೆ ಚೆಂಡು ಒದ್ದ ಸದ್ದು ಎದೆಗೇ ಬಡಿಯುತ್ತದೆ.

ಮೊದಲ ವರ್ಷ ಅವಳು ಜಾಸ್ತಿ ಹೊತ್ತು ಬೆಂಚಿನ ಮೇಲೇ ಇದ್ದಳು. ಬಿಟ್ಟುಬಿಡು ಅಂತ ನಾನೇ ಹೇಳಿದ್ದೆ. ಬಿಡಲಿಲ್ಲ. ದುಡ್ಡಿಗಾಗಿ ಆಡುವುದಾಗಿದ್ದರೆ ಬಿಡುತ್ತಿದ್ದಳೇನೋ. ನನ್ನ ಗೆಳೆಯರ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದು.

ಕಳೆದ ಅಕ್ಟೋಬರಿನಲ್ಲಿ ಒಂದು ಪಂದ್ಯ ಸೋತರು. ಅವಳು ಮಂಡಿಗೆ ಐಸ್ ಚೀಲ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಸಿಕೊಂಡು, ಕುಂಟುತ್ತಾ ಬಂದಳು. ಮನೆಗೆ ಹೊರಡೋಣ ಅಂದೆ. "ಇರಿ ಅಪ್ಪಾ, ಹುಡುಗರ ಮ್ಯಾಚ್ ಇದೆ ಅಲ್ವಾ" ಅಂದು ಬೆಂಚಿನ ಮೇಲೆ ಕೂತಳು. ಅವಳ ಇಡೀ ತಂಡ ಅಲ್ಲೇ ಇತ್ತು. ಬೆಳಿಗ್ಗೆ ನಾವು ಕಟ್ಟಿ ತಂದಿದ್ದ ಚಿತ್ರಾನ್ನದ ಡಬ್ಬಿ ಕೈಯಿಂದ ಕೈಗೆ ಹೋಗುತ್ತಾ, ಕೊನೆಯ ಸಾಲು ಮುಟ್ಟುವ ಮೊದಲೇ ಖಾಲಿಯಾಯಿತು.